ಗ್ರಾಮೀಣ ಪ್ರೌಢಶಾಲೆ: ದಾಖಲಾತಿ, ಫಲಿತಾಂಶ ಮತ್ತು ದಾಸೋಹ ಪರಂಪರೆ

ಗ್ರಾಮವೊಂದರ ಪ್ರೌಢಶಾಲೆಯ ಯೋಗ್ಯತೆಯನ್ನು ಎರಡು ಅಂಕಿಗಳಿಂದ ಅಳೆಯುವುದು ಬಹುಕಾಲದಿಂದ ನಡೆದುಬಂದ ವಾಡಿಕೆ. ಆ ವರ್ಷ ಶಾಲೆಗೆ ಸೇರಿದ ಮಕ್ಕಳ ಸಂಖ್ಯೆ ಒಂದು, ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಉತ್ತೀರ್ಣರಾದವರ ಶೇಕಡಾವಾರು ಪ್ರಮಾಣ ಇನ್ನೊಂದು. ಮೊದಲನೆಯದು ಇಳಿದರೆ ಊರಿಗೆ ವಿದ್ಯೆಯಲ್ಲಿ ಆಸಕ್ತಿಯಿಲ್ಲವೆಂದೂ ಎರಡನೆಯದು ಇಳಿದರೆ ಶಿಕ್ಷಕರಲ್ಲಿ ಶ್ರದ್ಧೆಯಿಲ್ಲವೆಂದೂ ಸುಲಭವಾಗಿ ತೀರ್ಮಾನಿಸಲಾಗುತ್ತದೆ. ಕನ್ನಡ ನಾಡಿನ ಶಿಕ್ಷಣದ ಇತಿಹಾಸವನ್ನು, ಅದರಲ್ಲಿಯೂ ವೀರಶೈವ ಮಠಗಳು ಆ ಕ್ಷೇತ್ರದಲ್ಲಿ ಮಾಡಿದ ಸೇವೆಯ ಇತಿಹಾಸವನ್ನು ಅವಲೋಕಿಸಿದರೆ ಈ ತೀರ್ಮಾನ ಎಷ್ಟು ಅವಸರದ್ದೆಂಬುದು ತಿಳಿದುಬರುತ್ತದೆ. ಹಳ್ಳಿಯ ಶಾಲೆಯ ಹಾಜರಿ ಪುಸ್ತಕದಲ್ಲಿ ದಾಖಲಾಗಿರುವುದು ಊರಿನ ಬುದ್ಧಿಮಟ್ಟವಲ್ಲ. ಶಾಲೆಗೂ ಮನೆಗೂ ಇರುವ ದೂರ, ಒಪ್ಪೊತ್ತಿನ ಅನ್ನ, ಪಾಠದ ಭಾಷೆ, ಹೊಲದ ಕೆಲಸ ಇವುಗಳ ಲೆಕ್ಕ ಅದರಲ್ಲಿದೆ. ಈ ಅಡ್ಡಿಗಳನ್ನು ಒಂದೊಂದಾಗಿ ನಿವಾರಿಸಿದಾಗಲೆಲ್ಲ ಆ ಅಂಕಿಗಳು ತಾವಾಗಿಯೇ ಮೇಲೇರಿವೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕನ್ನಡ ಜನರು ಮೈಸೂರು ಸಂಸ್ಥಾನ, ಮುಂಬಯಿ ಮತ್ತು ಮದರಾಸು ಪ್ರಾಂತಗಳು, ಹೈದರಾಬಾದು ಸಂಸ್ಥಾನ, ಕೊಡಗು ಎಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಪಠ್ಯಕ್ರಮ, ಪರೀಕ್ಷೆ, ಮಾಧ್ಯಮ ಎಲ್ಲವೂ ಆಯಾ ಆಡಳಿತಕ್ಕೆ ತಕ್ಕಂತೆ ಬೇರೆಬೇರೆಯಾಗಿದ್ದವು. ಆದರೆ ಒಂದು ಸಂಗತಿ ಎಲ್ಲೆಡೆಯೂ ಸಮಾನವಾಗಿತ್ತು. ಹಳ್ಳಿಯಲ್ಲಿ ಇದ್ದದ್ದು ಕೂಲಿಮಠ ಅಥವಾ ಪ್ರಾಥಮಿಕ ಶಾಲೆ ಮಾತ್ರ. ಹೈಸ್ಕೂಲು ಜಿಲ್ಲೆಯ ಮುಖ್ಯ ಪಟ್ಟಣದಲ್ಲಿ ಇರುತ್ತಿತ್ತು. ಮುಂಬಯಿ ಕರ್ನಾಟಕದ ಹಳ್ಳಿಯ ಬಾಲಕ ಕನ್ನಡ ಏಳನೆಯ ಇಯತ್ತೆಯನ್ನು ಮುಗಿಸಿ ಮುಲ್ಕಿ ಪರೀಕ್ಷೆಗೆ ಕುಳಿತರೆ ಅವನ ವಿದ್ಯಾಭ್ಯಾಸ ಸಾಮಾನ್ಯವಾಗಿ ಅಲ್ಲಿಗೇ ಕೊನೆಗೊಳ್ಳುತ್ತಿತ್ತು. ಅದರಲ್ಲಿ ಉತ್ತೀರ್ಣನಾದವನಿಗೆ ಶಾಲಾ ಮಾಸ್ತರಿಕೆಯೋ ತಲಾಟಿಯ ಕೆಲಸವೋ ದೊರೆಯುತ್ತಿತ್ತು. ಅನುತ್ತೀರ್ಣನಾದವನು ಊರಿಗೆ ಮರಳುತ್ತಿದ್ದನು.

ಹಾಗೆ ಮರಳಿದವರಲ್ಲಿ ಒಬ್ಬರ ಚರಿತ್ರೆ ಇಲ್ಲಿ ಸ್ಮರಣೀಯ. ರಾಣೇಬೆನ್ನೂರು ತಾಲ್ಲೂಕಿನ ಜೋಯಿಸರಹರಳಹಳ್ಳಿಯಲ್ಲಿ 1867ರಲ್ಲಿ ಜನಿಸಿದ ಹಾಲಯ್ಯನೆಂಬ ಬಡ ಜಂಗಮ ಬಾಲಕ ಪರಸ್ಥಳದಲ್ಲಿ ಭಿಕ್ಷಾನ್ನದಿಂದ ವಿದ್ಯೆ ಕಲಿತು, ಮುಲ್ಕಿ ಪರೀಕ್ಷೆಗೆ ಕುಳಿತು, ಅದರಲ್ಲಿ ಅನುತ್ತೀರ್ಣನಾದನೆಂದು ಚರಿತ್ರಕಾರರು ಹೇಳುತ್ತಾರೆ. ಆ ಬಾಲಕನೇ ಮುಂದೆ ಹಾನಗಲ್ಲ ಶ್ರೀ ಕುಮಾರ ಸ್ವಾಮಿಗಳಾಗಿ 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯ ಸ್ಥಾಪನೆಗೂ 1909ರಲ್ಲಿ ಶಿವಯೋಗ ಮಂದಿರದ ಸ್ಥಾಪನೆಗೂ ಕಾರಣಪುರುಷರಾದರು. ಫಲಿತಾಂಶದ ಪಟ್ಟಿಯನ್ನಷ್ಟೇ ನೋಡುವವರಿಗೆ ಹಾಲಯ್ಯ ಕೇವಲ ಒಬ್ಬ ಅನುತ್ತೀರ್ಣ ವಿದ್ಯಾರ್ಥಿ. ನಾಡಿನುದ್ದಕ್ಕೂ ಪಾಠಶಾಲೆಗಳನ್ನೂ ಪ್ರಸಾದನಿಲಯಗಳನ್ನೂ ತೆರೆಯುವಂತೆ ಮಠಾಧಿಪತಿಗಳನ್ನೂ ಶ್ರೀಮಂತರನ್ನೂ ಅವರು ಪ್ರೇರೇಪಿಸಿದ್ದನ್ನು ಕಂಡರೆ, ಭಿಕ್ಷಾನ್ನದ ವಿದ್ಯಾರ್ಥಿಯ ಕಷ್ಟವನ್ನು ಅವರು ಮರೆತಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಆ ಕಾಲದ ಧುರೀಣರ ಮುಂದೆ ಎರಡು ಮಾರ್ಗಗಳಿದ್ದವು: ಹಳ್ಳಿಯ ಮಗುವನ್ನು ಹೈಸ್ಕೂಲು ಇರುವ ಪಟ್ಟಣಕ್ಕೆ ಕರೆತರುವುದು, ಅಥವಾ ಹೈಸ್ಕೂಲನ್ನೇ ಹಳ್ಳಿಗೆ ಒಯ್ಯುವುದು. ಹಣವೂ ಶಿಕ್ಷಕರೂ ವಿರಳವಾಗಿದ್ದ ಕಾಲದಲ್ಲಿ ಮೊದಲನೆಯದೇ ಸಾಧ್ಯವಾಗಿತ್ತು. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ವಿದ್ಯಾಭ್ಯಾಸಕ್ಕೆ ಮೀಸಲಿಟ್ಟು ಮರಣಪತ್ರ ಬರೆದರು. 1910ರಲ್ಲಿ ವಿಜಯಪುರದಲ್ಲಿ ವಚನ ಸಾಹಿತ್ಯದ ಸಂಪಾದಕರೆಂದು ಪ್ರಸಿದ್ಧರಾದ ಫ.ಗು. ಹಳಕಟ್ಟಿಯವರ ಪ್ರಯತ್ನದಿಂದ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆ ಹುಟ್ಟಿತು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆ ಹೈಸ್ಕೂಲೊಂದನ್ನು ಆರಂಭಿಸಿ ಕಾರ್ಯಾರಂಭ ಮಾಡಿತು. 1917ರಲ್ಲಿ ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಉಚಿತ ಪ್ರಸಾದನಿಲಯವನ್ನು ತೆರೆದರು. ಅದೇ ವರ್ಷ ತುಮಕೂರು ಬಳಿಯ ಸಿದ್ಧಗಂಗೆಯಲ್ಲಿ ಉದ್ದಾನ ಶಿವಯೋಗಿಗಳು ಸಂಸ್ಕೃತ ಪಾಠಶಾಲೆಯನ್ನು ಆರಂಭಿಸಿದರು. 1941ರಲ್ಲಿ ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ಸ್ಥಾಪಿಸಿದರು. 1954ರಲ್ಲಿ ಜಗದ್ಗುರು ಶ್ರೀ ಶಿವರಾತ್ರೀಶ್ವರ ಮಹಾವಿದ್ಯಾಪೀಠ ರೂಪುಗೊಂಡಿತು.

ಪ್ರಸಾದನಿಲಯ ಎಂಬ ಹೆಸರೇ ಅರ್ಥಪೂರ್ಣವಾದುದು. ಅಲ್ಲಿ ದೊರೆಯುವುದು ಭಿಕ್ಷೆಯಲ್ಲ, ಪ್ರಸಾದ. ಉಣ್ಣುವವನು ಋಣಿಯಲ್ಲ, ಪ್ರಸಾದಿ. ದಾಸೋಹ ತತ್ತ್ವವು ಶರಣರ ಮಹಾಮನೆಯಿಂದ ವಿದ್ಯಾರ್ಥಿಯ ಪಂಕ್ತಿಗೆ ಇಳಿದುಬಂದದ್ದು ಇಪ್ಪತ್ತನೆಯ ಶತಮಾನದ ಕನ್ನಡ ಶಿಕ್ಷಣದ ಇತಿಹಾಸದಲ್ಲಿ ಮಹತ್ತ್ವದ ಘಟನೆ. ಸುಗ್ಗಿಯ ಕಾಲದಲ್ಲಿ ಭಕ್ತರು ಮಠಕ್ಕೆ ಅರ್ಪಿಸಿದ ಜೋಳ, ರಾಗಿ, ಬೇಳೆಗಳೇ ಪರೋಕ್ಷವಾಗಿ ಆ ವರ್ಷದ ಹೈಸ್ಕೂಲಿನ ದಾಖಲಾತಿಯನ್ನು ನಿರ್ಧರಿಸುತ್ತಿದ್ದವು. ಮಳೆ ತಪ್ಪಿದ ವರ್ಷ ಕಣ ಬರಿದಾದರೆ ಮಠದ ಕಣಜವೂ ಬರಿದಾಗುತ್ತಿತ್ತು. ಅಂತಹ ವರ್ಷದಲ್ಲಿಯೂ ಬಂದ ಮಕ್ಕಳನ್ನು ಹಿಂದಕ್ಕೆ ಕಳುಹಿಸದೆ ಸಾಲ ಮಾಡಿ ಸಲಹಿದ ಮಠಾಧಿಪತಿಗಳ ಕಥೆಗಳು ಜನಮನದಲ್ಲಿ ಇಂದಿಗೂ ಉಳಿದಿವೆ.

ಈ ವ್ಯವಸ್ಥೆಯ ಅವಶ್ಯಕತೆ ಎಷ್ಟಿತ್ತೆಂಬುದನ್ನು ಲಿಂಗೈಕ್ಯ ಡಾ. ಶಿವಕುಮಾರ ಸ್ವಾಮಿಗಳ ಬಾಲ್ಯವೇ ತಿಳಿಸುತ್ತದೆ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿದ ಅವರು ಮಾಧ್ಯಮಿಕ ಶಿಕ್ಷಣಕ್ಕಾಗಿ ಅಕ್ಕನ ಊರಾದ ನಾಗವಲ್ಲಿಗೆ ಹೋಗಬೇಕಾಯಿತು. ಪ್ರೌಢಶಿಕ್ಷಣಕ್ಕಾಗಿ ತುಮಕೂರಿಗೆ ಬರಬೇಕಾಯಿತು. 1926ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ 1930ರಲ್ಲಿ ಸನ್ಯಾಸದೀಕ್ಷೆ ಪಡೆದರು. ಬಂಧುಗಳ ಮನೆಯ ಆಶ್ರಯ ಹಳ್ಳಿಯ ಎಲ್ಲ ಬಾಲಕರಿಗೂ ಇರುವುದಿಲ್ಲ. 1941ರಲ್ಲಿ ಶ್ರೀಮಠದ ಹೊಣೆ ಹೊತ್ತ ಮೇಲೆ ಅವರು ಮಠವನ್ನೇ ನಾಡಿನ ಮಕ್ಕಳೆಲ್ಲರ ಬಂಧುವಿನ ಮನೆಯನ್ನಾಗಿ ಮಾಡಿದರು. ಜಾತಿಮತಗಳ ಭೇದವಿಲ್ಲದೆ ಎಂಟು ಸಾವಿರಕ್ಕೂ ಮಿಗಿಲಾದ ಮಕ್ಕಳು ಅಲ್ಲಿ ಉಂಡು ಓದುವಂತಾಯಿತು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದಾಗಲೂ ಮಕ್ಕಳ ಪ್ರಸಾದ ಮುಗಿಯುವವರೆಗೆ ಸುದ್ದಿಯನ್ನು ಪ್ರಕಟಿಸಬಾರದೆಂಬುದು ಅವರ ಇಚ್ಛೆಯಾಗಿತ್ತೆಂದು ಶ್ರೀಮಠದ ಭಕ್ತರು ಹೇಳಿಕೊಳ್ಳುತ್ತಾರೆ.

ಅನ್ನ ಮತ್ತು ವಸತಿಯ ಜೊತೆಗೆ ಭಾಷೆಯ ಅಡ್ಡಿಯೂ ಇತ್ತು. ಹೈದರಾಬಾದು ಸಂಸ್ಥಾನದಲ್ಲಿ ಉರ್ದು ಆಡಳಿತದ ಹಾಗೂ ಶಿಕ್ಷಣದ ಭಾಷೆಯಾಗಿತ್ತು. ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳ ರೈತನ ಮಗು ಮನೆಯಲ್ಲಿ ಕೇಳದ ಭಾಷೆಯಲ್ಲಿ ಗಣಿತ, ಭೂಗೋಲಗಳನ್ನು ಕಲಿಯಬೇಕಾಗಿತ್ತು. ಅಂಥ ಮಗು ಹಿಂದುಳಿದರೆ ಅದು ಮಗುವಿನ ದೋಷವಲ್ಲ. ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಾಹಸ ಸರ್ವವಿದಿತ. ಈ ಘಟನೆಯನ್ನು ಸಾಮಾನ್ಯವಾಗಿ ಭಾಷಾಭಿಮಾನದ ದೃಷ್ಟಾಂತವಾಗಿ ಹೇಳಲಾಗುತ್ತದೆ. ಅದು ಶಿಕ್ಷಣಶಾಸ್ತ್ರದ ದೃಷ್ಟಾಂತವೂ ಹೌದು: ಮಗುವಿಗೆ ತಿಳಿಯುವ ಭಾಷೆಯಲ್ಲಿ ಕಲಿಸಿದಾಗ ಮಗು ಶಾಲೆಗೆ ಬರುತ್ತದೆ, ಬಂದುದು ಉಳಿಯುತ್ತದೆ.

ಪ್ರಸಾದನಿಲಯಗಳ ಸೇವೆಯನ್ನು ಎಷ್ಟು ಕೊಂಡಾಡಿದರೂ ಅವುಗಳ ಮಿತಿಯನ್ನು ಮರೆಯುವಂತಿಲ್ಲ. ಅವು ಬಹುಮಟ್ಟಿಗೆ ಬಾಲಕರಿಗಾಗಿ ಇದ್ದವು. ಮಗನನ್ನು ದೂರದ ಪಟ್ಟಣಕ್ಕೆ ಕಳುಹಿಸಲು ಒಪ್ಪಿದ ತಂದೆ ಮಗಳನ್ನು ಕಳುಹಿಸಲು ಒಪ್ಪುತ್ತಿರಲಿಲ್ಲ. ಕಲಬುರ್ಗಿಯಲ್ಲಿ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪಗಳು 1934ರಲ್ಲಿ ಅಕ್ಕಮಹಾದೇವಿಯ ಹೆಸರಿನಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ತೆರೆದದ್ದು ಆ ಕಾಲಕ್ಕೆ ಅಪರೂಪದ ಕಾರ್ಯ. ಆದರೆ ನಗರದ ಶಾಲೆ ನಗರದ ಹೆಣ್ಣುಮಕ್ಕಳಿಗೆ ಮಾತ್ರ ಎಟುಕುತ್ತಿತ್ತು. ಇನ್ನೊಂದು ಮಿತಿಯೂ ಇತ್ತು. ಪಟ್ಟಣಕ್ಕೆ ಹೋಗಿ ಕಲಿತ ಬಾಲಕ ಪಟ್ಟಣದಲ್ಲಿಯೇ ಉಳಿದನು. ಊರು ಒಬ್ಬ ಬುದ್ಧಿವಂತನನ್ನು ಕಳೆದುಕೊಂಡಿತು. ಆದುದರಿಂದ ಎರಡನೆಯ ಮಾರ್ಗ, ಎಂದರೆ ಪ್ರೌಢಶಾಲೆಯನ್ನೇ ಹಳ್ಳಿಗೆ ಒಯ್ಯುವ ಮಾರ್ಗ, ಅನಿವಾರ್ಯವಾಯಿತು.

ಈ ಮಾರ್ಗದಲ್ಲಿ ಸಿರಿಗೆರೆಯ ಹೆಸರು ಎದ್ದು ಕಾಣುತ್ತದೆ. ಚಿತ್ರದುರ್ಗ ಜಿಲ್ಲೆಯ ಈ ಗ್ರಾಮದಲ್ಲಿ 1940ರಲ್ಲಿ ಪೀಠವನ್ನೇರಿದ ತರಳಬಾಳು ಜಗದ್ಗುರು ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು ಗ್ರಾಮಾಂತರ ಶಿಕ್ಷಣವನ್ನೇ ತಮ್ಮ ವ್ರತವನ್ನಾಗಿ ಕೈಕೊಂಡರು. 1962ರಲ್ಲಿ ಸ್ಥಾಪಿತವಾದ ತರಳಬಾಳು ಜಗದ್ಗುರು ವಿದ್ಯಾಸಂಸ್ಥೆಯ ಶಾಲೆಗಳು ಹೆಚ್ಚಾಗಿ ಹಳ್ಳಿಗಳಲ್ಲಿಯೇ ತಲೆಯೆತ್ತಿದವು. 1963ರಲ್ಲಿ ಆರಂಭವಾದ ಸಿದ್ಧಗಂಗಾ ವಿದ್ಯಾಸಂಸ್ಥೆಯೂ ಇದೇ ದಾರಿಯಲ್ಲಿ ನಡೆಯಿತು. ಊರಿನವರು ಜಾಗ ಕೊಟ್ಟರು; ಬಂಡಿಗಳಲ್ಲಿ ಕಲ್ಲು ಮರಳು ತಂದುಹಾಕಿದರು; ಕಟ್ಟಡ ಮುಗಿಯುವ ತನಕ ಗುಡಿಯ ಪೌಳಿಯಲ್ಲಿಯೋ ಮಠದ ಅಂಗಳದಲ್ಲಿಯೋ ತರಗತಿಗಳು ನಡೆದವು. ಕಡಿಮೆ ಮಕ್ಕಳಿರುವ ಗ್ರಾಮೀಣ ಪ್ರೌಢಶಾಲೆ ಹುಟ್ಟಿದ್ದು ಹೀಗೆ. ಅದು ಚಿಕ್ಕದಾಗಿದ್ದದ್ದು ಸೋಲಿನ ಗುರುತಲ್ಲ. ನಡೆದು ಬರುವಷ್ಟು ಹತ್ತಿರದಲ್ಲಿ ಶಾಲೆ ಇರಬೇಕೆಂಬ ಉದ್ದೇಶದ ಸಹಜ ಫಲ. ಶಾಲೆ ಹತ್ತಿರಕ್ಕೆ ಬಂದಷ್ಟೂ ಹೆಣ್ಣುಮಕ್ಕಳ ದಾಖಲಾತಿಗೆ ಅನುಕೂಲವಾಯಿತು. 1991ರ ಜನಗಣತಿಯಲ್ಲಿ ಶೇ. 44.34 ಇದ್ದ ಕರ್ನಾಟಕದ ಸ್ತ್ರೀ ಸಾಕ್ಷರತೆ 2011ರಲ್ಲಿ ಶೇ. 68.08ಕ್ಕೆ ಏರಿತು. ಈ ಏರಿಕೆಗೆ ಹಲವು ಕಾರಣಗಳಿವೆ. ಹತ್ತಿರದ ಶಾಲೆ ಅವುಗಳಲ್ಲಿ ಒಂದು.

ರಾಜ್ಯ ಏಕೀಕರಣಗೊಂಡು ಒಂದು ದಶಕ ಕಳೆದ ಮೇಲೆ, 1966ರಲ್ಲಿ, ಪ್ರೌಢಶಿಕ್ಷಣ ಪರೀಕ್ಷಾ ಮಂಡಲಿ ಅಸ್ತಿತ್ವಕ್ಕೆ ಬಂದಿತು. ನಾಡಿನ ಎಲ್ಲ ಮಕ್ಕಳನ್ನೂ ಒಂದೇ ಪರೀಕ್ಷೆಯಿಂದ ಅಳೆಯುವ ವ್ಯವಸ್ಥೆ ಗಟ್ಟಿಗೊಂಡಿತು. ಸಮಾನತೆಯ ದೃಷ್ಟಿಯಿಂದ ಇದು ಸ್ವಾಗತಾರ್ಹ. ಆದರೆ ಪರೀಕ್ಷೆ ಒಂದೇ ಆದರೂ ಪರಿಸ್ಥಿತಿ ಒಂದೇ ಆಗಲಿಲ್ಲ. ಶೈಕ್ಷಣಿಕ ವರ್ಷ ಮುಂಗಾರಿನ ಬಿತ್ತನೆಯೊಡನೆ ಆರಂಭವಾಗುತ್ತದೆ; ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ಹಿಂಗಾರಿ ಜೋಳದ ಸುಗ್ಗಿ ಮುಗಿಯುವ ಹೊತ್ತಿಗೆ ಪರೀಕ್ಷೆ ಬರುತ್ತದೆ. ಹತ್ತಿ ಬಿಡಿಸುವ ದಿನಗಳಲ್ಲಿ, ಕಬ್ಬು ಕಡಿಯಲು ಕುಟುಂಬಗಳು ಗುಳೆ ಹೋಗುವ ತಿಂಗಳುಗಳಲ್ಲಿ ತರಗತಿಯ ಬೆಂಚುಗಳು ಬರಿದಾಗುತ್ತವೆ. ನಗರದ ಮಗು ಮನೆಪಾಠದಲ್ಲಿ ಇಂಗ್ಲಿಷನ್ನೂ ಗಣಿತವನ್ನೂ ಪುನರಾವರ್ತನೆ ಮಾಡುವ ಸಂಜೆಯಲ್ಲಿ ಹಳ್ಳಿಯ ಮಗು ಎಮ್ಮೆಗೆ ಮೇವು ಹಾಕಿ ತಮ್ಮನನ್ನು ಸಂಭಾಳಿಸುತ್ತಿರುತ್ತದೆ. ಆದರೂ ಇಬ್ಬರಿಗೂ ಪ್ರಶ್ನೆಪತ್ರಿಕೆ ಒಂದೇ.

ಫಲಿತಾಂಶದ ಶೇಕಡಾ ಲೆಕ್ಕ ಚಿಕ್ಕ ಶಾಲೆಗೆ ಹೇಗೆ ಅನ್ಯಾಯ ಮಾಡುತ್ತದೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಮುನ್ನೂರು ಮಕ್ಕಳು ಪರೀಕ್ಷೆಗೆ ಕುಳಿತ ಶಾಲೆಯಲ್ಲಿ ಒಬ್ಬ ಅನುತ್ತೀರ್ಣನಾದರೆ ಶೇ. 0.33ರಷ್ಟು ವ್ಯತ್ಯಾಸ, ಹದಿನೈದು ಮಕ್ಕಳ ಶಾಲೆಯಲ್ಲಿ ಒಬ್ಬ ಅನುತ್ತೀರ್ಣನಾದರೆ ಶೇ. 6.67ರಷ್ಟು ವ್ಯತ್ಯಾಸ. ಒಂದು ವರ್ಷ ಮೂವರು ಮಕ್ಕಳ ಮನೆಗಳಲ್ಲಿ ಕಷ್ಟ ಒದಗಿದರೆ ಶಾಲೆಯ ಫಲಿತಾಂಶ ನೂರರಿಂದ ಎಂಬತ್ತಕ್ಕೆ ಕುಸಿಯುತ್ತದೆ. ಮರುವರ್ಷ ಅದೇ ಶಿಕ್ಷಕರು ಅದೇ ರೀತಿ ಕಲಿಸಿದರೂ ಮತ್ತೆ ನೂರಕ್ಕೆ ಏರಬಹುದು. ಇಷ್ಟು ಚಂಚಲವಾದ ಅಂಕಿಯಿಂದ ಶಿಕ್ಷಕರ ಶ್ರಮವನ್ನು ತೂಗುವುದು ಗಾಳಿಯಲ್ಲಿ ತಕ್ಕಡಿ ಹಿಡಿದಂತೆ. ಅಲ್ಲದೆ ಐದು ವಿಷಯಗಳಲ್ಲಿ ಗೆದ್ದು ಒಂದರಲ್ಲಿ ಸೋತ ಮಗುವೂ ಆರರಲ್ಲಿಯೂ ಸೋತ ಮಗುವೂ ಈ ಲೆಕ್ಕದಲ್ಲಿ ಸಮಾನರು.

ಇದಕ್ಕಿಂತ ಗಂಭೀರವಾದ ದೋಷ ಇನ್ನೊಂದಿದೆ. ಕೇವಲ ವಿವರಣೆಗಾಗಿ ಎರಡು ಶಾಲೆಗಳನ್ನು ಕಲ್ಪಿಸಿಕೊಳ್ಳಬಹುದು. ಎರಡರಲ್ಲಿಯೂ ಎಂಟನೆಯ ತರಗತಿಗೆ ಮೂವತ್ತು ಮಕ್ಕಳು ಸೇರಿದರು. ಮೊದಲನೆಯ ಶಾಲೆಯಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತವರು ಹದಿನೆಂಟು, ಗೆದ್ದವರು ಹದಿನೇಳು, ಫಲಿತಾಂಶ ಶೇ. 94.44. ಎರಡನೆಯ ಶಾಲೆಯಲ್ಲಿ ಕುಳಿತವರು ಇಪ್ಪತ್ತೇಳು, ಗೆದ್ದವರು ಇಪ್ಪತ್ತೊಂದು, ಫಲಿತಾಂಶ ಶೇ. 77.78. ಪ್ರಶಸ್ತಿ ಮೊದಲನೆಯ ಶಾಲೆಗೆ ಸಲ್ಲುತ್ತದೆ. ಆದರೆ ಸೇರಿದ ಮೂವತ್ತು ಮಕ್ಕಳನ್ನೇ ಆಧಾರವಾಗಿಟ್ಟುಕೊಂಡರೆ ಮೊದಲನೆಯದು ಶೇ. 56.67 ಮಕ್ಕಳನ್ನು ದಡ ಸೇರಿಸಿದೆ, ಎರಡನೆಯದು ಶೇ. 70 ಮಕ್ಕಳನ್ನು. ದುರ್ಬಲ ವಿದ್ಯಾರ್ಥಿಯನ್ನು ಒಂಬತ್ತನೆಯ ತರಗತಿಯಲ್ಲಿಯೇ ನಿಲ್ಲಿಸಿಕೊಂಡರೆ ಫಲಿತಾಂಶ ಹೊಳೆಯುತ್ತದೆ; ಆ ವಿದ್ಯಾರ್ಥಿ ಮಾತ್ರ ಹೊಲಕ್ಕೋ ಇಟ್ಟಿಗೆ ಭಟ್ಟಿಗೋ ಮದುವೆಯ ಹಂದರಕ್ಕೋ ಹೋಗಿರುತ್ತಾನೆ ಅಥವಾ ಹೋಗಿರುತ್ತಾಳೆ. ದಾಖಲಾತಿಯನ್ನೂ ಫಲಿತಾಂಶವನ್ನೂ ಬೇರೆಬೇರೆಯಾಗಿ ಓದುವವರಿಗೆ ಈ ಮಕ್ಕಳು ಕಾಣುವುದೇ ಇಲ್ಲ. ಎರಡನ್ನೂ ಜೋಡಿಸಿ ಓದಿದಾಗ ಮಾತ್ರ ಕಾಣುತ್ತಾರೆ.

ಇಡೀ ರಾಜ್ಯದ ಫಲಿತಾಂಶವೂ ಮಕ್ಕಳ ಕಲಿಕೆಯೊಂದನ್ನೇ ಸೂಚಿಸುವುದಿಲ್ಲವೆಂಬುದಕ್ಕೆ ಇತ್ತೀಚಿನ ವರ್ಷಗಳೇ ಸಾಕ್ಷಿ. 2020ರಲ್ಲಿ ಶೇ. 71.80 ಮಕ್ಕಳು ಉತ್ತೀರ್ಣರಾದರು. ಮಹಾಮಾರಿಯ ಕಾರಣ ಎರಡೇ ದಿನ ಸರಳ ಮಾದರಿಯಲ್ಲಿ ಪರೀಕ್ಷೆ ನಡೆದ 2021ರಲ್ಲಿ ಬಹುತೇಕ ಎಲ್ಲರೂ ಉತ್ತೀರ್ಣರಾದರು. 2023ರಲ್ಲಿ ಶೇ. 83.89 ಇದ್ದ ಫಲಿತಾಂಶ, ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಕಾವಲು ಬಂದ 2024ರಲ್ಲಿ, ಕೃಪಾಂಕವನ್ನು ಹೆಚ್ಚಿಸಿದ ಮೇಲೆಯೂ, ಶೇ. 73.40ಕ್ಕೆ ಇಳಿಯಿತು. ಒಂದು ವರ್ಷದಲ್ಲಿ ನಾಡಿನ ಮಕ್ಕಳ ಬುದ್ಧಿ ಹತ್ತು ಪಾಲು ಕುಗ್ಗಿತೆಂದು ಯಾರೂ ಹೇಳಲಾರರು. ಬದಲಾದದ್ದು ಅಳತೆಗೋಲು.

ಸರ್ಕಾರವೂ ಕಾಲಕ್ರಮದಲ್ಲಿ ಮಠಗಳು ಕಂಡುಕೊಂಡ ಸತ್ಯವನ್ನೇ ಕಂಡುಕೊಂಡಿತು. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾದ ಶಾಲಾ ಬಿಸಿಯೂಟ ಯೋಜನೆಗೆ ಅಕ್ಷರ ದಾಸೋಹವೆಂದು ಹೆಸರಿಟ್ಟದ್ದು ಆಕಸ್ಮಿಕವಲ್ಲ. ಶರಣರ ಪಾರಿಭಾಷಿಕ ಪದವೊಂದು ರಾಜ್ಯದ ಯೋಜನೆಯ ಹೆಸರಾಯಿತು. ಮುಂದೆ ಅದು ಪ್ರೌಢಶಾಲೆಗಳಿಗೂ ವಿಸ್ತರಿಸಿತು. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ ವಿತರಿಸುವ ಯೋಜನೆ ಆರಂಭವಾಯಿತು. ಏಳನೆಯ ತರಗತಿಯವರೆಗಿನ ಊರ ಶಾಲೆಯನ್ನು ಮುಗಿಸಿದ ಹುಡುಗಿ ಮುಂದಿನ ಊರಿನ ಪ್ರೌಢಶಾಲೆಗೆ ಹೋಗಲಾರದೆ ನಿಲ್ಲುವ ಸ್ಥಳ ಅದೇ ಎಂಬುದನ್ನು ಯೋಜಕರು ಸರಿಯಾಗಿಯೇ ಗುರುತಿಸಿದ್ದರು. ಅನ್ನ ಮತ್ತು ದೂರ, ಇವೆರಡೂ ಪ್ರಸಾದನಿಲಯದ ಸ್ಥಾಪಕರು ಶತಮಾನದ ಹಿಂದೆಯೇ ಗುರುತಿಸಿದ ಅಡ್ಡಿಗಳು.

ಇಂದು ಗ್ರಾಮೀಣ ಪ್ರೌಢಶಾಲೆಗಳು ಹೊಸದೊಂದು ಸಂಕಟದಲ್ಲಿವೆ. ಕುಟುಂಬಗಳು ಚಿಕ್ಕದಾಗಿವೆ, ಅನುಕೂಲವುಳ್ಳವರ ಮಕ್ಕಳು ಹಳದಿ ಬಸ್ಸುಗಳಲ್ಲಿ ಪಟ್ಟಣದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಹೋಗುತ್ತಾರೆ. ಅನುದಾನಿತ ಶಾಲೆಗಳಲ್ಲಿ ನಿವೃತ್ತರಾದ ಶಿಕ್ಷಕರ ಸ್ಥಾನಗಳು ಬಹುಕಾಲ ತೆರವಾಗಿಯೇ ಉಳಿಯುತ್ತವೆ. 1995ರ ನಂತರ ಹುಟ್ಟಿದ ಕನ್ನಡ ಶಾಲೆಗಳು ಅನುದಾನಕ್ಕಾಗಿ ವರ್ಷಗಟ್ಟಲೆ ಮೊರೆಯಿಟ್ಟಿವೆ. ಗಣಿತಕ್ಕೆ ಶಿಕ್ಷಕರಿಲ್ಲದ ಶಾಲೆಯಲ್ಲಿ ಗಣಿತದ ಫಲಿತಾಂಶ ಕುಸಿಯುತ್ತದೆ. ಫಲಿತಾಂಶ ಕುಸಿದ ಶಾಲೆಗೆ ಮಕ್ಕಳು ಸೇರುವುದಿಲ್ಲ. ಮಕ್ಕಳಿಲ್ಲದ ಶಾಲೆಗೆ ಶಿಕ್ಷಕರೇಕೆ ಎಂಬ ಪ್ರಶ್ನೆ ಬರುತ್ತದೆ. ಈ ವಿಷಚಕ್ರದ ಕೊನೆಯಲ್ಲಿ ಶಾಲೆಯನ್ನು ಬೇರೊಂದರಲ್ಲಿ ವಿಲೀನಗೊಳಿಸಬೇಕೆಂಬ ಸಲಹೆ ಮುಂದೆ ಬರುತ್ತದೆ.

ವಿಲೀನದ ವಾದದಲ್ಲಿ ಹುರುಳಿಲ್ಲವೆಂದಲ್ಲ. ಪ್ರಯೋಗಾಲಯ, ಗ್ರಂಥಾಲಯ, ಪ್ರತಿ ವಿಷಯಕ್ಕೂ ತಕ್ಕ ಶಿಕ್ಷಕರು ಇರುವ ದೊಡ್ಡ ಶಾಲೆ ಚಿಕ್ಕ ಶಾಲೆಗಿಂತ ಹೆಚ್ಚನ್ನು ಕೊಡಬಲ್ಲದು. ನೆರೆಯ ಶಾಲೆಗಳು ಪರಸ್ಪರ ಹೊಂದಿಕೊಂಡು ನಡೆಯಬೇಕೆಂಬ ವಿಚಾರವನ್ನು 1964-66ರ ಕೊಠಾರಿ ಆಯೋಗವೇ ಮುಂದಿಟ್ಟಿತ್ತು. ಆದರೆ ಆ ವಿಚಾರದ ತಿರುಳು ಶಿಕ್ಷಕರನ್ನೂ ಸಲಕರಣೆಗಳನ್ನೂ ಹಂಚಿಕೊಳ್ಳುವುದು; ಮಗುವಿನಿಂದ ಶಾಲೆಯನ್ನು ದೂರ ಮಾಡುವುದಲ್ಲ. ಶಾಲೆ ಐದು ಮೈಲಿ ಸರಿದರೆ ಹುಡುಗ ಹೇಗಾದರೂ ಹೋದಾನು. ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ಪ್ರಸಾದನಿಲಯಗಳ ಕಾಲದಲ್ಲಿ ಯಾರು ಹೊರಗುಳಿದಿದ್ದರೋ ಅವರೇ ಮತ್ತೆ ಹೊರಗುಳಿಯುತ್ತಾರೆ. ಚಿಕ್ಕ ಶಾಲೆಯನ್ನು ಮುಚ್ಚುವ ಮೊದಲು ಅದರಿಂದ ಎಷ್ಟು ಹಣ ಉಳಿಯಿತೆಂಬ ಲೆಕ್ಕದೊಡನೆ ಎಷ್ಟು ಹೆಣ್ಣುಮಕ್ಕಳು ಎಂಟನೆಯ ತರಗತಿಗೆ ಸೇರದೆ ಉಳಿದರೆಂಬ ಲೆಕ್ಕವನ್ನೂ ಬರೆಯಬೇಕಾಗುತ್ತದೆ.

ಮಠಗಳಿಗೂ ಇಲ್ಲಿ ಕರ್ತವ್ಯವಿದೆ. ಶತಮಾನದ ಹಿಂದೆ ಅವು ಕೇಳಿಕೊಂಡ ಪ್ರಶ್ನೆ ಎಷ್ಟು ಮಕ್ಕಳು ಗೆದ್ದರೆಂಬುದಲ್ಲ, ಯಾವ ಮಗು ಬರಲಾರದೆ ಉಳಿಯಿತೆಂಬುದು. ಇಂದು ಮಠಗಳ ವಿದ್ಯಾಸಂಸ್ಥೆಗಳಲ್ಲಿ ವೈದ್ಯಕೀಯ, ತಾಂತ್ರಿಕ ಮಹಾವಿದ್ಯಾಲಯಗಳೂ ಇವೆ. ಅವುಗಳ ಹಿರಿಮೆ ಸಣ್ಣದಲ್ಲ. ಆದರೆ ಅವುಗಳ ಬೇರು ಇರುವುದು ಹಳ್ಳಿಯ ಭಕ್ತನು ಸುಗ್ಗಿಯಲ್ಲಿ ಅಳೆದುಕೊಟ್ಟ ಕಾಳಿನಲ್ಲಿ. ಆ ಭಕ್ತನ ಊರಿನ ಶಾಲೆಗೆ ಗಣಿತದ ಶಿಕ್ಷಕರೊಬ್ಬರನ್ನು ಒದಗಿಸುವುದು, ಪರೀಕ್ಷೆಯ ಮುಂಚಿನ ಎರಡು ತಿಂಗಳು ಸಂಜೆಯ ಓದಿಗೆ ಮಠದ ಪಡಸಾಲೆಯನ್ನು ತೆರೆದಿಡುವುದು, ಗುಳೆ ಹೋಗುವ ಮನೆಯ ಮಗುವನ್ನು ಆ ತಿಂಗಳುಗಳಲ್ಲಿ ನಿಲಯದಲ್ಲಿ ಇರಿಸಿಕೊಳ್ಳುವುದು, ಹೆಣ್ಣುಮಕ್ಕಳಿಗೂ ನಿಲಯಗಳನ್ನು ಹೆಚ್ಚಿಸುವುದು ಇವು ದೊಡ್ಡ ವೆಚ್ಚದ ಕಾರ್ಯಗಳಲ್ಲ. ಮುಲ್ಕಿ ಪರೀಕ್ಷೆಯಲ್ಲಿ ಸೋತ ಹಾಲಯ್ಯನನ್ನು ಅಂದಿನ ಸಮಾಜ ಕೈಬಿಡಲಿಲ್ಲವಾದುದರಿಂದ ನಾಡಿಗೆ ಕುಮಾರ ಸ್ವಾಮಿಗಳು ದೊರೆತರು. ಹದಿನೈದು ಮಕ್ಕಳ ಶಾಲೆಯ ಹಾಜರಿ ಪುಸ್ತಕವನ್ನು ತೆರೆದು ನೋಡುವವರು ಅದರಲ್ಲಿ ಬರೆದಿರುವ ಹೆಸರುಗಳ ಜೊತೆಗೆ, ಬರೆಯಬೇಕಾಗಿದ್ದು ಬರೆಯದೆ ಬಿಟ್ಟ ಹೆಸರುಗಳನ್ನೂ ಎಣಿಸುವುದು ದಾಸೋಹ ಪರಂಪರೆಗೆ ಒಪ್ಪುವ ಲೆಕ್ಕ.